ತಂತಿಬೇಲಿಯ ಊರು

ಹುಬ್ಬಳ್ಳಿಯ ರೈಲು ನಿಲ್ದಾಣದ ಹೊರಗೆ ನಿಂತ ರಿಕ್ಷಾದವನಿಗೆ “ಸೆಟ್ಲಮೆಂಟಿಗೆ ಹೋಗಬೇಕು” ಎಂದು ಹೇಳಿ ನೋಡಿರಿ. ಯಾವ ಸೆಟ್ಲಮೆಂಟು ಎಂದು ಅವನು ಕೇಳುವುದಿಲ್ಲ. ಗದಗ-ಬೆಟಗೇರಿಯಲ್ಲಿಯೂ ಇದೇ ಹೆಸರಿನ ವಸತಿಯುಂಟು. ಪೇಟೆ, ಓಣಿ, ಕೇರಿ, ಗಲ್ಲಿಗಳ ನಡುವೆ ಈ ಒಂದು ಆಂಗ್ಲ ಶಬ್ದ ಹೇಗೆ ಬಂದು ನೆಲೆಸಿತೆಂದು ಕೇಳುವವರೂ ವಿರಳ, ಹೇಳುವವರೂ ವಿರಳ. ಯಾವ ಪುಣ್ಯಪುರುಷನ ಸ್ಮರಣೆಯೂ ಈ ಹೆಸರಿನಲ್ಲಿಲ್ಲ. ಸುತ್ತಲಿನ ತಂತಿಬೇಲಿ ಹೋಗಿ ಮುಕ್ಕಾಲು ಶತಮಾನ ಸಂದರೂ ಹೆಸರು ಮಾತ್ರ ಉಳಿದುಕೊಂಡಿದೆ.

ಇಂಗ್ಲಿಷರ ಆಡಳಿತದಲ್ಲಿ ಈ ಶಬ್ದಕ್ಕೆ ಅರ್ಥಗಳು ಹಲವು. ಹೊಲದ ಕಂದಾಯವನ್ನು ಗೊತ್ತುಮಾಡುವುದೂ ಸೆಟ್ಲಮೆಂಟೇ. ಕಾಡಿನಲ್ಲಿ ಯಾರ ಹಕ್ಕು ಎಷ್ಟೆಂದು ಬರೆದಿಡುವುದೂ ಸೆಟ್ಲಮೆಂಟೇ. ಸಮುದ್ರದಾಚೆಯ ತೀರದಲ್ಲಿ ಕೈದಿಗಳನ್ನು ಇಳಿಸಿ ಊರು ಕಟ್ಟುವುದೂ ಸೆಟ್ಲಮೆಂಟೇ. ಆಸ್ಟ್ರೇಲಿಯದ ಮೂಡಣ ಕರಾವಳಿಯ ನ್ಯೂಕಾಸಲ್ ನಗರ ಈ ಕೊನೆಯ ಬಗೆಯದು. 1797ರಲ್ಲಿ ಓಡಿಹೋದ ಕೈದಿಗಳನ್ನು ಹುಡುಕುತ್ತ ಹೋದ ಶಾರ್ಟ್‌ಲ್ಯಾಂಡ್ ಎಂಬ ನೌಕಾಧಿಕಾರಿಗೆ ಅಲ್ಲಿಯ ನದೀಮುಖದಲ್ಲಿ ಕಲ್ಲಿದ್ದಲು ಕಾಣಿಸಿತು. ಎರಡೇ ವರ್ಷಗಳಲ್ಲಿ, 1799ರಲ್ಲಿ, ‘ಹಂಟರ್’ ಎಂಬ ಹಡಗು ಆ ಇದ್ದಲನ್ನು ಹೇರಿಕೊಂಡು ನಮ್ಮ ಬಂಗಾಳಕ್ಕೇ ಬಂದಿತು. 1804ರಲ್ಲಿ ದಂಗೆಯೆದ್ದ ಐರಿಷ್ ಕೈದಿಗಳನ್ನು ಅಲ್ಲಿಗೆ ಸಾಗಿಸಿ ಗಣಿ ಅಗೆಯಲು ಹಚ್ಚಿದರು. ನಮ್ಮವರಿಗೆ ಪರಿಚಿತವಾದ ‘ಕರಿನೀರು’ ಅದರ ತರುವಾಯದ್ದು: 1858ರ ಮಾರ್ಚ್ 10ರಂದು ಡಾಕ್ಟರ್ ವಾಕರ್ ಎಂಬಾತ 200 ಕೈದಿಗಳೊಡನೆ ಅಂದಮಾನಿನ ದಡದಲ್ಲಿ ಇಳಿದನು.

ಅಂದಮಾನಿಗೆ ಹೋದವನಾಗಲಿ ನ್ಯೂಕಾಸಲ್ಲಿಗೆ ಹೋದವನಾಗಲಿ, ನ್ಯಾಯವಾಗಿಯೋ ಅನ್ಯಾಯವಾಗಿಯೋ, ಒಬ್ಬ ನ್ಯಾಯಾಧೀಶನ ಬಾಯಿಂದ ತನ್ನ ಶಿಕ್ಷೆಯನ್ನು ಕೇಳಿಯೇ ಹೋಗಿದ್ದನು. ಇಷ್ಟು ವರ್ಷವೆಂಬ ಲೆಕ್ಕವೂ ಬಹು ಮಂದಿಗೆ ಗೊತ್ತಿತ್ತು. ಹುಬ್ಬಳ್ಳಿ, ಗದಗ, ವಿಜಾಪುರಗಳ ಸೆಟ್ಲಮೆಂಟುಗಳಲ್ಲಿ ಕೂಡಿಟ್ಟವರ ಸಂಗತಿ ಬೇರೆ. ಅವರಲ್ಲಿ ಸೆರೆಮನೆ ಕಂಡುಬಂದವರು ಇರಲಿಲ್ಲವೆಂದಲ್ಲ. ಆದರೆ ಅವರ ಪಕ್ಕದಲ್ಲಿಯೇ ಯಾವ ಕಟಕಟೆಯನ್ನೂ ಹತ್ತದ ಮುದುಕಿಯರಿದ್ದರು, ಬೇಲಿಯ ಒಳಗೇ ಹುಟ್ಟಿದ ಕೂಸುಗಳಿದ್ದವು. ಅವರ ಮೇಲಿನ ಆರೋಪವೆಂದರೆ ಅವರ ಜಾತಿ.

ಈ ಕಥೆಯ ಮೊದಲನ್ನು ಹುಬ್ಬಳ್ಳಿಯಲ್ಲಿ ಹುಡುಕಿದರೆ ಸಿಕ್ಕದು. ಪಡುವಣ ಘಟ್ಟದ ದಾರಿಗಳಿಗೆ ಹೋಗಬೇಕು.

ಕುಮಟೆ, ಅಂಕೋಲೆ, ಕಾರವಾರಗಳ ಬಂದರುಗಳಿಂದ ಬಯಲುಸೀಮೆಗೆ ಏರುವ ದಾರಿಗಳು ಕೆಲವೇ. ದೇವಿಮನೆಯ ಘಟ್ಟ ಹತ್ತಿದರೆ ಶಿರಸಿ. ಅರಬೈಲು ಹತ್ತಿದರೆ ಯಲ್ಲಾಪುರ. ಅಣಶಿಯನ್ನು ಹತ್ತಿದರೆ ಸೂಪಾ, ಅಂದರೆ ಇಂದಿನ ಜೋಯಿಡಾ ತಾಲೂಕಿನ ಸೀಮೆ. ಅಲ್ಲಿಂದ ಕಾಡು ತೆಳುವಾಗುತ್ತ ಬಂದು, ಹಳಿಯಾಳ ಮುಂಡಗೋಡಗಳ ಅಂಚಿನಲ್ಲಿ ಮಲೆನಾಡು ಮುಗಿದು, ಧಾರವಾಡದ ಕರಿನೆಲ ತೆರೆದುಕೊಳ್ಳುತ್ತದೆ. ಗಾಡಿಯ ರಸ್ತೆಗಳಾಗುವುದಕ್ಕೆ ಮೊದಲು ಈ ದಾರಿಗಳಲ್ಲಿ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. ಇಳಿಯುವಾಗ ಹತ್ತಿ, ಕಾಳು. ಏರುವಾಗ ಸಾಣಿಕಟ್ಟೆ ಮೊದಲಾದ ಆಗರಗಳ ಉಪ್ಪು, ತೆಂಗಿನಕಾಯಿ, ಒಣಮೀನು. ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರಾದದ್ದೇ ಈ ದಾರಿಗಳ ಮಹಿಮೆಗೆ ಸಾಕ್ಷಿ. ಒಂದು ಎಳೆ ಹತ್ತಿಯನ್ನೂ ಬೆಳೆಯದ ಬಂದರು ಬೆಳೆದ ನಾಡಿನ ಕೀರ್ತಿಯನ್ನು ತಾನು ತೊಟ್ಟುಕೊಂಡಿತು!

ಈ ಹೇರೆತ್ತುಗಳನ್ನು ಹೊಡೆದುಕೊಂಡು ನಡೆದವರಲ್ಲಿ ಲಂಬಾಣಿಗಳು ಮುಖ್ಯರು. ಅವರ ಹಿಂದೆಯೇ ಕೊರಚರು. ಕೊರಚರ ವ್ಯಾಪಾರ ಸಣ್ಣದು. ಕೆಲವು ಎತ್ತು, ಕೆಲವು ಕತ್ತೆ; ಅವುಗಳ ಮೇಲೆ ಉಪ್ಪಿನ ಗೋಣಿ. ದೊಡ್ಡ ಸಾರ್ಥವಾಹರು ಹೋಗದ ಹಳ್ಳಿಗೆ ಇವರು ಹೋಗುವರು. ಉಪ್ಪು ಕೊಟ್ಟು ಜೋಳ ಕೊಳ್ಳುವರು, ಜೋಳ ಕೊಟ್ಟು ಮತ್ತೆ ಉಪ್ಪು ಕೊಳ್ಳುವರು. ಹೆಂಗಸರು ಬಿಡಾರದಲ್ಲಿ ಬಿದಿರಿನ ಬುಟ್ಟಿ, ಈಚಲ ಕಸಬರಿಗೆ ಮಾಡಿ ಮಾರುವರು, ಕಣಿ ಹೇಳುವರು, ಹಚ್ಚೆ ಹೊಯ್ಯುವರು. ಊರಿನ ಗೌಡ ಕೆರೆಯ ಆಚೆಯ ಬಯಲಿನಲ್ಲಿ ಎರಡು ರಾತ್ರಿ ಇರಗೊಡುತ್ತಿದ್ದನು; ಮೂರನೆಯ ಬೆಳಗಿಗೆ ಒಲೆಯ ಕಲ್ಲುಗಳಷ್ಟೇ ಅಲ್ಲಿ ಉಳಿದಿರುತ್ತಿದ್ದವು. ಹಳ್ಳಿಯವರಿಗೆ ಇವರ ಬಗ್ಗೆ ಪೂರ್ಣ ವಿಶ್ವಾಸವಿರಲಿಲ್ಲ. ಒಮ್ಮೊಮ್ಮೆ ಬಿಡಾರದ ಜೊತೆಗೆ ಕಣದ ಕಾಳೂ ಊರಿನ ಕೋಳಿಯೂ ಹೋದದ್ದುಂಟು. ಆದರೆ ಮುಂದಿನ ಸುಗ್ಗಿಗೆ ಅವರ ದಾರಿಯನ್ನೇ ಕಾಯುತ್ತಿದ್ದರು. ಉಪ್ಪಿಲ್ಲದೆ ಊಟವುಂಟೇ?

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಬದುಕಿನ ಬೇರುಗಳು ಒಂದೊಂದಾಗಿ ಕಡಿದುಹೋದವು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಅಭಾವವಾಯಿತು. ಧಾರವಾಡದ ಹತ್ತಿ ಬೇಗನೆ ಹಡಗನ್ನು ಸೇರಬೇಕೆಂಬ ಅವಸರ ಹುಟ್ಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಇಲಾಖೆಗೆ ಹಸ್ತಾಂತರವಾದುದರ ಹಿಂದೆಯೂ ಈ ಅವಸರವಿತ್ತು. ಘಟ್ಟಗಳಲ್ಲಿ ಗಾಡಿಯ ರಸ್ತೆಗಳಾದವು. ಒಂದು ಜೋಡಿ ಎತ್ತು ಕಟ್ಟಿದ ಗಾಡಿ ಹಲವು ಹೇರೆತ್ತುಗಳ ಭಾರವನ್ನು ಎಳೆಯಬಲ್ಲದು. ಇದು ಮೊದಲ ಪೆಟ್ಟು.

ಎರಡನೆಯ ಪೆಟ್ಟು 1876-78ರ ಮಹಾ ಬರಗಾಲ. ಮೈಸೂರಿನ ಕಡೆ ಅದನ್ನು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವರು. ವಿಜಾಪುರ, ಧಾರವಾಡ, ಬಳ್ಳಾರಿಯ ಸೀಮೆಗಳಲ್ಲಿ ಮನುಷ್ಯರೇ ಉಳಿಯದಿದ್ದ ಮೇಲೆ ಎತ್ತುಗಳು ಉಳಿಯುವುದೆಂತು? ಬೇಸಾಯಗಾರನ ಎತ್ತು ಸತ್ತರೆ ಹೊಲವಾದರೂ ಉಳಿದೀತು. ಹೇರೆತ್ತಿನವನ ಎತ್ತು ಸತ್ತರೆ ಅವನ ಹೊಲ, ಮನೆ, ಅಂಗಡಿ ಎಲ್ಲವೂ ಸತ್ತಂತೆ.

ಬರಗಾಲವೇ ರೈಲನ್ನೂ ತಂದಿತು. ಬರ ಬಂದಾಗ ಕಾಳು ಸಾಗಿಸುವ ಉದ್ದೇಶದಿಂದ ಸರಕಾರ ರೈಲುದಾರಿಗಳನ್ನು ಯೋಜಿಸಿತು. ಅದಕ್ಕಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿ ದೊಡ್ಡ ಜಂಕ್ಷನ್ ಆಯಿತು, ಅಲ್ಲಿ ರೈಲು ಕಾರಖಾನೆ ಎದ್ದಿತು, ಲೋಂಡೆ ಕ್ಯಾಸಲ್‌ರಾಕುಗಳ ಮೂಲಕ ಘಟ್ಟವಿಳಿದು ಗೋವೆಯ ಮುರಗಾವಿನವರೆಗೆ ಹಳಿ ಬಿದ್ದಿತು. ಉಪ್ಪು ಇನ್ನು ರೈಲಿನ ಡಬ್ಬಿಯಲ್ಲಿ ಬರತೊಡಗಿತು. ಅತ್ತ ಆಗರಗಳ ಮೇಲೆ ಸುಂಕದ ಕಾವಲು ಬಿಗಿಯಾಯಿತು. 1890ರ ಮುಂಬಯಿ ಉಪ್ಪಿನ ಕಾಯದೆಯ ತರುವಾಯ ಆಗರಕ್ಕೆ ಹೋಗಿ ನಾಲ್ಕು ಗೋಣಿ ತುಂಬಿಕೊಂಡು ಬರುವ ಬಡ ವ್ಯಾಪಾರಿಗೆ ಸರಕಾರದ ಚೀಟಿಯೇ ಮೊದಲ ಬಂಡವಾಳವಾಯಿತು.

ಇನ್ನು ಕಾಡು. 1878ರ ಅರಣ್ಯ ಕಾಯದೆಯ ಅನ್ವಯ ಹಳಿಯಾಳ, ಸೂಪಾ, ಯಲ್ಲಾಪುರಗಳ ಅಡವಿಗಳಿಗೆ ಗಡಿಗಲ್ಲು ಬಿದ್ದವು. ದಾಂಡೇಲಿಯ ಸಾಗವಾನಿ ಸರಕಾರದ ಸ್ವತ್ತೆಂಬುದು ಹಳೆಯ ಮಾತೇ. ಈಗ ದನದ ಮೇವು, ಸೌದೆ, ಬಿದಿರು ಕೂಡ ಲೆಕ್ಕದ ಪುಸ್ತಕ ಸೇರಿದವು. ಬುಟ್ಟಿ ಹೆಣೆಯುವ ಕೊರಮನಿಗೆ ಬಿದಿರು ಕಡಿಯಲು ಪರವಾನಿಗೆ ಬೇಕು. ಜಿಂಕೆಯ ಬೇಟೆಯನ್ನೇ ಕುಲವೃತ್ತಿಯಾಗಿ ಉಳ್ಳ ಹರಣಶಿಕಾರಿಗೆ ಬೇಟೆಯೇ ಗುನ್ಹೆ. ಮುಂದೆ ಅಳ್ನಾವರದಿಂದ ದಾಂಡೇಲಿಗೆ ಮರದ ದಿಮ್ಮಿಗಳಿಗಾಗಿಯೇ ಒಂದು ಕವಲು ರೈಲು ಹೋಯಿತು. ಸ್ವಾತಂತ್ರ್ಯದ ನಂತರ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆ ಅದೇ ಕಾಡಿನ ಬಿದಿರನ್ನು ಅರೆದು ಕಾಗದ ಮಾಡಿತು. ಬಿದಿರು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಹೇಳಲು ಇದೊಂದು ಮಾತು ಬರೆದೆನು. ನಮ್ಮ ಕಥೆ ಅಷ್ಟು ಮುಂದೆ ಹೋಗಬೇಕಾಗಿಲ್ಲ.

ಎತ್ತು ಹೋದ, ಉಪ್ಪು ಹೋದ, ಕಾಡು ಹೋದ ಮನುಷ್ಯ ಏನು ಮಾಡಬೇಕು? ಕೆಲವರು ಕೂಲಿಗಿಳಿದರು, ಕೆಲವರು ಕಲ್ಲು ಒಡೆದರು, ಕೆಲವರು ಕದ್ದರು. ಅಲೆಯುವ ಅಭ್ಯಾಸ ಮಾತ್ರ ಯಾರನ್ನೂ ಬಿಡಲಿಲ್ಲ. ವ್ಯಾಪಾರವಿದ್ದಾಗ ಅಲೆಮಾರಿಯನ್ನು ಕಂಡು ‘ಉಪ್ಪಿನವನು ಬಂದ’ ಎನ್ನುತ್ತಿದ್ದ ಜನ, ವ್ಯಾಪಾರ ಹೋದ ಮೇಲೆ ಅದೇ ಮನುಷ್ಯನನ್ನು ಕಂಡು ‘ಇವನೇಕೆ ಬಂದ?’ ಎಂದು ಕೇಳತೊಡಗಿದರು. ಪೋಲೀಸ್ ಠಾಣೆಯಲ್ಲಿ ಕೇಳಿದ ಪ್ರಶ್ನೆಯೂ ಇದೇ.

ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. 1830ರ ದಶಕದಲ್ಲಿ ಸ್ಲೀಮನ್ ಎಂಬ ಅಧಿಕಾರಿ ಠಕ್ಕರನ್ನು ಅಡಗಿಸಿದ ಸಂಗತಿ ಸರ್ವವಿದಿತ. ಜಬಲಪುರದಲ್ಲಿ ಠಕ್ಕರನ್ನೂ ಅವರ ಮಕ್ಕಳನ್ನೂ ಕೂಡಿಟ್ಟು ಡೇರೆ, ಜಮಖಾನೆಗಳನ್ನು ನೇಯಿಸುವ ಒಂದು ಶಾಲೆಯೇ ನಡೆಯಿತು. ನಮ್ಮ ಸುರಪುರದಲ್ಲಿ ಆಡಳಿತ ನಡೆಸಿ ಜನಪ್ರೀತಿ ಗಳಿಸಿದ ಮೆಡೋಸ್ ಟೇಲರ್ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನ ಓದುಗರನ್ನು ನಡುಗಿಸಿದನು. ಹಿಂದುಸ್ಥಾನದಲ್ಲಿ ಕಳ್ಳತನವೆಂಬುದು ಕೆಲವು ಜಾತಿಗಳ ಕುಲಕಸುಬು, ತಂದೆಯಿಂದ ಮಗನಿಗೆ ಇಳಿದುಬರುವಂಥದು ಎಂಬ ನಂಬಿಕೆ ಆಳುವವರ ಮನಸ್ಸಿನಲ್ಲಿ ಬೇರೂರಿತು. ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ. ಹಾಗೆಯೇ ಕಳ್ಳನ ಮಗ ಕಳ್ಳ: ಇಷ್ಟೇ ತರ್ಕ. ನಮ್ಮ ಜಾತಿಪದ್ಧತಿಯನ್ನು ನಾವೇ ನಂಬುವುದಕ್ಕಿಂತ ಹೆಚ್ಚಾಗಿ ಅವರು ನಂಬಿದರೆಂದು ತೋರುತ್ತದೆ.

1871ರ 27ನೆಯ ಕಾಯದೆ, ‘ಗುನ್ಹೆಗಾರ ಜಾತಿಗಳ ಕಾಯದೆ’, ಈ ತರ್ಕವನ್ನು ಶಾಸನವನ್ನಾಗಿ ಮಾಡಿತು. ಮೊದಲು ಅದು ಉತ್ತರ ಹಿಂದುಸ್ಥಾನಕ್ಕೆ ಮಾತ್ರ ಅನ್ವಯಿಸುತ್ತಿತ್ತು. 1911ರ ಹೊಸ ಕಾಯದೆಯಿಂದ ಮುಂಬಯಿ, ಮದರಾಸುಗಳಿಗೂ ಹಬ್ಬಿತು. ಒಂದು ಜಾತಿಯನ್ನೋ ಗುಂಪನ್ನೋ ಗುನ್ಹೆಗಾರರೆಂದು ಸರಕಾರ ಗೆಜೆಟ್ಟಿನಲ್ಲಿ ಸಾರಿದರೆ ಸಾಕು. ಆ ಸಾರಿಕೆ ಸರಿಯೇ ತಪ್ಪೇ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ಆ ಜನರ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯಬೇಕು, ಬೆರಳಚ್ಚು ತೆಗೆಯಬೇಕು, ಗೊತ್ತಾದ ಹೊತ್ತಿಗೆ ಅವರು ಹಾಜರಿ ಕೊಡಬೇಕು, ಗೊತ್ತಾದ ಎಲ್ಲೆಯನ್ನು ರಹದಾರಿಯಿಲ್ಲದೆ ದಾಟಬಾರದು. ಬೇಕೆನಿಸಿದರೆ ಅವರನ್ನು ಸೆಟ್ಲಮೆಂಟಿನಲ್ಲಿ ಇಡಬಹುದು. 6ರಿಂದ 18 ವರ್ಷದವರೆಗಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗಳಲ್ಲಿ ಇಡಬಹುದು. ಕಳುವಿಗೆ ಹೊರಟಿದ್ದಾನೆಂದು ಸಂಶಯ ಬರುವ ಸಂದರ್ಭದಲ್ಲಿ ಸಿಕ್ಕಿಬಿದ್ದರೆ ಮೂರು ವರ್ಷಗಳವರೆಗೆ ಸೆರೆ. ಪಟ್ಟಿಯಲ್ಲಿ ಹೇಳಿದ ಅಪರಾಧಗಳಿಗೆ ಎರಡನೆಯ ಸಲ ಶಿಕ್ಷೆಯಾದರೆ ಏಳು ವರ್ಷಕ್ಕೆ ಕಡಮೆಯಿಲ್ಲ. ಮೂರನೆಯ ಸಲ ಆಜೀವ ಕರಿನೀರು. ಬೇರೆಯವನು ಅದೇ ತಪ್ಪು ಮಾಡಿದರೆ ಈ ಲೆಕ್ಕವಿಲ್ಲ.

ಬೆರಳಚ್ಚಿನ ಮಾತು ಬಂದುದರಿಂದ ಒಂದು ಸಂಗತಿ. ಆ ವಿದ್ಯೆಗೆ ಜಗತ್ತಿನಲ್ಲಿಯೇ ಮೊದಲ ಕಚೇರಿ ತೆರೆದದ್ದು ಕಲಕತ್ತೆಯಲ್ಲಿ, 1897ರಲ್ಲಿ. ಅದರ ವರ್ಗೀಕರಣಕ್ಕೆ ತಲೆಯೊಡ್ಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಲಿ ಅಧಿಕಾರಿಗಳು. ಹೆಸರು ನಿಂತದ್ದು ಅವರ ಮೇಲಧಿಕಾರಿ ಹೆನ್ರಿ ಸಾಹೇಬನದು. ಹೆಸರು ಬದಲಿಸಿಕೊಂಡರೂ ಬೆರಳು ಬದಲಾಗದಲ್ಲ! ಅಲೆಮಾರಿಯನ್ನು ಒಂದೆಡೆ ಕಟ್ಟಿಹಾಕುವ ಕಾಯದೆಗೆ ಈ ವಿದ್ಯೆ ಹೇಳಿ ಮಾಡಿಸಿದಂತೆ ಒದಗಿತು.

ಇಲ್ಲಿ ಸಾಹಿತ್ಯದ ವಾಚಕರಿಗೆ ಒಂದು ವೈಚಿತ್ರ್ಯ ಹೊಳೆಯದಿರದು. ನಮ್ಮ ದೇವಕಥೆಗಳಲ್ಲಿ, ಯಕ್ಷಗಾನಗಳಲ್ಲಿ ಕೊರವಂಜಿಗೆ ಅರಮನೆಯ ಬಾಗಿಲು ಸದಾ ತೆರೆದಿರುತ್ತದೆ. ಪದ್ಮಾವತಿಯನ್ನು ವರಿಸಬೇಕೆಂದಾಗ ಸಾಕ್ಷಾತ್ ಶ್ರೀನಿವಾಸನೇ ಕೊರವಂಜಿಯ ವೇಷ ಧರಿಸಿ ಆಕಾಶರಾಜನ ಅಂತಃಪುರವನ್ನು ಹೊಕ್ಕನು. 1942ರಲ್ಲಿ ‘ರಾಶಿ’ ಎಂಬ ಕಾವ್ಯನಾಮದ ಡಾಕ್ಟರ್ ಎಂ. ಶಿವರಾಂ ತಮ್ಮ ಹಾಸ್ಯ ಮಾಸಪತ್ರಿಕೆಗೆ ‘ಕೊರವಂಜಿ’ ಎಂದೇ ಹೆಸರಿಟ್ಟರು. ಕನ್ನಡಿಗರು ಅದನ್ನು ಅಕ್ಕರೆಯಿಂದ ಓದಿದರು. ಅದೇ 1942ರಲ್ಲಿ ಹುಬ್ಬಳ್ಳಿಯ ಸೆಟ್ಲಮೆಂಟಿನ ನಿಜವಾದ ಕೊರವಂಜಿ ಬೇಲಿಯಿಂದಾಚೆ ಹೋಗಿಬರಲು ರಹದಾರಿ ಕೇಳಬೇಕಾಗಿತ್ತು.

ಈಗ ವಿಜಾಪುರಕ್ಕೆ ಬರೋಣ. ಮುಂಬಯಿ ಇಲಾಖೆಯಲ್ಲಿ ಸೆಟ್ಲಮೆಂಟಿನ ಪ್ರಯೋಗ ಮೊದಲಾದದ್ದು ಅಲ್ಲಿಯೇ, 1909-10ರ ಸುಮಾರಿಗೆ. ಅದರ ಕರ್ತೃ ಅಲ್ಲಿ ಅಸಿಸ್ಟಂಟ್ ಕಲೆಕ್ಟರನಾಗಿದ್ದ ಓ. ಎಚ್. ಬಿ. ಸ್ಟಾರ್ಟ್ ಎಂಬ ತರುಣ ಐ.ಸಿ.ಎಸ್. ಅಧಿಕಾರಿ. ಆತನ ಕೈಗೆ ಬಂದವರು ಗಂಟಿಚೋರರು, ಹರಣಶಿಕಾರಿಗಳು ಮತ್ತು ಛಪ್ಪರಬಂದರು. ಕೊನೆಯವರ ಕಥೆ ವಿಶೇಷವಾದುದು. ಛಪ್ಪರವೆಂದರೆ ಚಪ್ಪರ, ಮೊಗಲರ ದಂಡಿನ ಜೊತೆಗೆ ಬಂದು ಬೀಡುಬಿಟ್ಟಲ್ಲಿ ಹುಲ್ಲಿನ ಚಪ್ಪರ ಹಾಕಿಕೊಡುತ್ತಿದ್ದ ಮುಸಲ್ಮಾನರು ಇವರೆಂದು ಐತಿಹ್ಯ. ದಂಡು ಹೋಯಿತು, ಚಪ್ಪರ ಕೇಳುವವರಿಲ್ಲವಾಯಿತು. ಇವರಲ್ಲಿ ಕೆಲವರು ಫಕೀರರ ವೇಷದಲ್ಲಿ ದೇಶ ಸುತ್ತುತ್ತ ಖೋಟಾ ನಾಣ್ಯ ಚಲಾಯಿಸುವುದಕ್ಕೆ ಹೆಸರಾದರು. ಇಲ್ಲಿಯೂ ಅದೇ ಮಾತು: ಒಂದು ಕಸುಬು ಸತ್ತಿತು, ಅದರ ಜಾಗದಲ್ಲಿ ಇನ್ನೊಂದು ಹುಟ್ಟಿತು. ಗಂಟಿಚೋರರೆಂಬ ಹೆಸರಂತೂ ತಾನೇ ತೀರ್ಪನ್ನು ಹೇಳಿಬಿಡುತ್ತದೆ: ಗಂಟು ಕದಿಯುವವರು.

ಸ್ಟಾರ್ಟ್ ಕಟುಕನಾಗಿರಲಿಲ್ಲ, ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಬರಿಯ ಪೋಲೀಸ್ ಕಾವಲಿನಿಂದ ಏನೂ ಆಗದು, ಹೊಟ್ಟೆಗೆ ಕೆಲಸ ಬೇಕು, ಮಕ್ಕಳಿಗೆ ಅಕ್ಷರ ಬೇಕು ಎಂಬುದು ಆತನ ನಿಲುವು. ಹೊರಗೆ ಬ್ರಾಹ್ಮಣರ ಮಕ್ಕಳಿಗೂ ಕಡ್ಡಾಯವಾಗಿರದಿದ್ದ ಶಾಲೆ ಬೇಲಿಯ ಒಳಗಿನ ಮಕ್ಕಳಿಗೆ ಕಡ್ಡಾಯವಾಯಿತು. ಪಂಚಾಯತಿಗಳಾದವು, ಸಹಕಾರಿ ಸಂಘಗಳಾದವು. ಬಹುಕಾಲ ಒಳ್ಳೆಯ ನಡತೆ ತೋರಿದವರು ಬೇಲಿಯ ಹೊರಗೆ ಮನೆ ಕಟ್ಟಿಕೊಳ್ಳಬಹುದಾಗಿತ್ತು. ಕೆಲವು ಸೆಟ್ಲಮೆಂಟುಗಳ ಆಡಳಿತವನ್ನು ಸರಕಾರ ಕ್ರೈಸ್ತ ಮಿಶನ್ನುಗಳಿಗೆ ವಹಿಸಿಕೊಟ್ಟಿತು. ಮದರಾಸು ಇಲಾಖೆಯಲ್ಲಿ ಇದೇ ಕೆಲಸವನ್ನು ಮುಕ್ತಿಸೇನೆಯವರು ಮಾಡಿದರು. ಬಾಪಟ್ಲದ ಹತ್ತಿರ 1913ರಲ್ಲಿ ನೆಲೆಯಾದ ಸ್ಟುವರ್ಟ್‌ಪುರ ಅವರದೇ. ಉಪಾಧ್ಯಾಯರಾಗಿ, ದಾದಿಯರಾಗಿ ಆ ಬೇಲಿಗಳೊಳಗೆ ದುಡಿದವರಲ್ಲಿ ನಿಜವಾದ ಕರುಣೆಯಿದ್ದವರು ಇದ್ದೇ ಇದ್ದರು.

ಆದರೆ ಕರುಣೆಗೂ ಒಂದು ಖರ್ಚು ಇದೆ. ಸಾವಿರಾರು ಜನರನ್ನು ಕೂಡಿಹಾಕಿ ಅನ್ನ ಹಾಕುವುದು ಸರಕಾರಕ್ಕೆ ಆಗದ ಮಾತು. ಜೈಲಿನಲ್ಲಿ ಕೈದಿಗೆ ಊಟವಾದರೂ ಸಿಗುತ್ತದೆ. ಸೆಟ್ಲಮೆಂಟಿನವನು ತನ್ನ ಊಟವನ್ನು ತಾನೇ ದುಡಿದುಕೊಳ್ಳಬೇಕು. ಆದುದರಿಂದ ಎಲ್ಲಿ ಕೂಲಿಗೆ ಕೈಗಳು ಬೇಕಾಗಿದ್ದವೋ ಅಲ್ಲಿಯೇ ಸೆಟ್ಲಮೆಂಟುಗಳು ಎದ್ದವು. ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಅಂಗೈ ನೆಲ್ಲಿಯಂತೆ ಸ್ಪಷ್ಟ. ಸೊಲ್ಲಾಪುರದ ನೂಲಿನ ಗಿರಣಿಗಳ ಬಳಿ ಒಂದು. ಗೋಕಾಕ ಜಲಪಾತದ ಗಿರಣಿಯ ಬಳಿ ಒಂದು. ಗದಗಿನಲ್ಲಿ ಒಂದು. ಹುಬ್ಬಳ್ಳಿಯದು ಇವುಗಳಲ್ಲಿ ದೊಡ್ಡದೆನಿಸಿತು. ಅಲ್ಲಿಯವರು ನೂಲಿನ ಗಿರಣಿಗೂ ರೈಲು ಕಾರಖಾನೆಗೂ ಹೋಗುತ್ತಿದ್ದರು.

ರೈಲು ಕಾರಖಾನೆ! ಇಲ್ಲಿ ಸ್ವಲ್ಪ ನಿಲ್ಲಬೇಕು. ಘಟ್ಟದ ದಾರಿಯಲ್ಲಿ ಉಪ್ಪಿನ ಹೇರನ್ನು ನಡೆಸುತ್ತಿದ್ದವನ ಎತ್ತು ಹಾಳಾದದ್ದು ಬರದಿಂದ, ವ್ಯಾಪಾರ ಹಾಳಾದದ್ದು ರೈಲಿನಿಂದ. ವ್ಯಾಪಾರ ಹಾಳಾದ ಮೇಲೆ ಅವನು ಗೊತ್ತುಗುರಿಯಿಲ್ಲದೆ ತಿರುಗುವವನಾದನು. ತಿರುಗುವವನಾದುದರಿಂದ ಸಂಶಯಾಸ್ಪದನಾದನು. ಸಂಶಯಾಸ್ಪದನಾದುದರಿಂದ ಅವನ ಮಗನೂ ಮೊಮ್ಮಗನೂ ಬೇಲಿಯೊಳಗೆ ಬಂದರು. ಬೆಳಿಗ್ಗೆ ಸೀಟಿ ಊದಿದಾಗ ಆ ಮೊಮ್ಮಗ ಬೇಲಿಯ ಬಾಗಿಲು ದಾಟಿ ನಡೆದದ್ದು ಅದೇ ರೈಲಿನ ಗಾಲಿ ದುರಸ್ತಿ ಮಾಡುವುದಕ್ಕೆ. ಯಾರೂ ಕುಳಿತು ಈ ವ್ಯೂಹವನ್ನು ರಚಿಸಿರಲಾರರು. ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ದಶಕಗಳಲ್ಲಿ, ತಮ್ಮ ತಮ್ಮ ಕೆಲಸವನ್ನು ತಾವು ಮಾಡಿದವು, ಅಷ್ಟೆ.

ಕಾರಖಾನೆಯವರಿಗೂ ಗಿರಣಿಯವರಿಗೂ ಈ ಕೂಲಿಗಳು ಬಹಳ ಅನುಕೂಲ. ಬೇರೆಯ ಕೂಲಿಗಾರ ಸುಗ್ಗಿ ಬಂದರೆ ಊರಿಗೆ ಹೋಗುತ್ತಾನೆ; ಹಬ್ಬ ಬಂದರೆ ಬರುವುದಿಲ್ಲ; ಕೂಲಿ ಸಾಲದೆಂದರೆ ಬೇರೆ ಗಿರಣಿ ಹುಡುಕುತ್ತಾನೆ. ಬೇಲಿಯವನು ಎಲ್ಲಿಗೆ ಹೋಗಬಲ್ಲ? ಕೆಲಸಕ್ಕೆ ತಪ್ಪಿಸಿಕೊಂಡರೆ ಅದು ಬರಿಯ ಗೈರುಹಾಜರಿಯಲ್ಲ, ಸೆಟ್ಲಮೆಂಟಿನ ನಿಯಮದ ಭಂಗ. ನಿಯಮದ ಭಂಗವೆಂದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಸಂಬಳ ಕೊಡುವ ಯಜಮಾನನಿಗೂ ಸೆರೆ ಕಾಯುವ ಸರಕಾರಕ್ಕೂ ನಡುವೆ ಇದ್ದದ್ದು ಒಂದು ತಂತಿಯಷ್ಟು ಅಂತರ.

ಸಂಜೆಯ ಹಾಜರಿಯೇ ಅಲ್ಲಿಯ ಬದುಕಿನ ಕೇಂದ್ರ. ಮದುವೆಗೆ, ಸಾವಿಗೆ, ಜಾತ್ರೆಗೆ ಹೋಗಬೇಕಾದರೂ ರಹದಾರಿ. ರಹದಾರಿಯಲ್ಲಿ ಹೊರಡುವ ಹೊತ್ತು, ಮರಳುವ ಹೊತ್ತು. ಅಲೆದಾಟದ ಜನಕ್ಕೆ ಇದು ಎಂಥ ಶಿಕ್ಷೆಯೆಂಬುದು ಮನೆಯಲ್ಲಿ ಹುಟ್ಟಿ ಮನೆಯಲ್ಲಿ ಬೆಳೆದ ನಮಗೆ ಪೂರ್ಣವಾಗಿ ತಿಳಿಯಲಾರದು. ಕೊರಚರ ಲೆಕ್ಕದಲ್ಲಿ ದೂರವೆಂಬುದು ಹರದಾರಿಯಲ್ಲಿರಲಿಲ್ಲ, ಬಿಡಾರಗಳಲ್ಲಿತ್ತು. ಒಂದೇ ಬಿಡಾರದಲ್ಲಿ ಮೂವತ್ತು ವರ್ಷ ಕುಳಿತರೆ ಅದು ಯಾವ ದೂರ?

ಇವೆಲ್ಲದರ ನಡುವೆ ಇತಿಹಾಸದ ಒಂದು ಸ್ವಾರಸ್ಯದ ಭೇಟಿಯೂ ಘಟಿಸಿತು. 1928ರಲ್ಲಿ ಮುಂಬಯಿ ಸರಕಾರ ದಲಿತ ವರ್ಗಗಳ ಮತ್ತು ಗಿರಿಜನರ ಸ್ಥಿತಿಗತಿಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಅಧ್ಯಕ್ಷ ಇದೇ ಸ್ಟಾರ್ಟ್. ಸದಸ್ಯರಲ್ಲಿ ಒಬ್ಬರು ಡಾಕ್ಟರ್ ಭೀಮರಾವ್ ಅಂಬೇಡಕರ್, ಇನ್ನೊಬ್ಬರು ಠಕ್ಕರ್ ಬಾಪಾ. 1930ರಲ್ಲಿ ವರದಿ ಬಂದಿತು. ಅದರ ಫಲವಾಗಿ ಹಿಂದುಳಿದ ವರ್ಗಗಳಿಗೆಂದೇ ಪ್ರತ್ಯೇಕ ಇಲಾಖೆ ಹುಟ್ಟಿದಾಗ ಅದರ ಹೊಣೆಯೂ ಸ್ಟಾರ್ಟನಿಗೇ ಬಂದಿತು. ಹೀಗೆ ಬೆರಳಚ್ಚಿನ ಪುಸ್ತಕವೂ ವಿದ್ಯಾರ್ಥಿವೇತನದ ಪುಸ್ತಕವೂ ಒಂದೇ ಅಧಿಕಾರಿಯ ಕೈಯಲ್ಲಿ ಕೂಡಿದವು. ಈ ಇಲಾಖೆ ಮುಂದೆ ಮಾಡಿದ ಒಳಿತನ್ನು ಅಲ್ಲಗಳೆಯುವಂತಿಲ್ಲ. ಅದರ ತೊಟ್ಟಿಲು ಎಲ್ಲಿತ್ತೆಂಬುದನ್ನೂ ಮರೆಯುವಂತಿಲ್ಲ.

ಸ್ವಾತಂತ್ರ್ಯ ಬಂದ ದಿನ, ಅಂದರೆ 1947ರ ಆಗಸ್ಟ್ 15ರಂದು, ಹುಬ್ಬಳ್ಳಿ ಗದಗಗಳ ಸೆಟ್ಲಮೆಂಟುಗಳಲ್ಲಿ ಬೇಲಿ ಇದ್ದೇ ಇತ್ತು. ಮದರಾಸು ಪ್ರಾಂತ ಆ ವರ್ಷವೇ ಕಾಯದೆಯನ್ನು ರದ್ದುಮಾಡಿತು. ನಮ್ಮ ಮುಂಬಯಿ ಪ್ರಾಂತದಲ್ಲಿ ಅದು ರದ್ದಾದದ್ದು 1949ರಲ್ಲಿ. ಅನಂತಶಯನಂ ಅಯ್ಯಂಗಾರರ ಸಮಿತಿ ವಿಚಾರಿಸಿ 1950ರಲ್ಲಿ ವರದಿಯಿತ್ತ ಮೇಲೆ, 1952ರ ಆಗಸ್ಟ್ 31ರಂದು ಇಡಿಯ ದೇಶದಲ್ಲಿ ಗುನ್ಹೆಗಾರ ಜಾತಿಗಳ ಕಾಯದೆ ಅಳಿಯಿತು. ಅಂದಿನಿಂದ ಈ ಜನ ‘ವಿಮುಕ್ತ’ರೆನಿಸಿದರು. ಇವರಲ್ಲಿ ಹಲವರು ಆಗಸ್ಟ್ 31ನ್ನೇ ತಮ್ಮ ಸ್ವಾತಂತ್ರ್ಯದ ದಿನವೆಂದು ಆಚರಿಸುತ್ತಾರೆ. ದೇಶದ ಸ್ವಾತಂತ್ರ್ಯಕ್ಕೂ ಇವರ ಸ್ವಾತಂತ್ರ್ಯಕ್ಕೂ ಐದು ವರ್ಷ ಹದಿನಾರು ದಿನಗಳ ಅಂತರ.

ಕಾಯದೆ ಸತ್ತರೂ ಅದರ ವಾಸನೆ ಹೋಗುವುದು ಸುಲಭವಲ್ಲ. ಜಾತಿಯ ಬದಲು ವ್ಯಕ್ತಿಯನ್ನು ಹೆಸರಿಸುವ ‘ರೂಢಿಗತ ಅಪರಾಧಿ’ಗಳ ಕಾಯದೆಗಳು ಪ್ರಾಂತ ಪ್ರಾಂತಗಳಲ್ಲಿ ಬಂದವು, ನಮ್ಮ ರಾಜ್ಯದಲ್ಲಿ 1961ರಲ್ಲಿ. ಕಾಗದದ ಮೇಲೆ ಅದು ಬೇರೆಯೇ ತತ್ತ್ವ. ಹೊಸ ಪಟ್ಟಿ ಬರೆಯಲು ಕುಳಿತ ಠಾಣೆಯ ಕಾರಕೂನನ ಎದುರಿಗೆ ಹಳೆಯ ಪಟ್ಟಿ ಇದ್ದಿರಲಾರದೆಂದು ಯಾರಾದರೂ ನಂಬಿಯಾರೇ? 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಸೆರೆಮನೆಗಳ ನಿಯಮಾವಳಿಗಳನ್ನು ಪರಿಶೀಲಿಸಿ, ಜಾತಿಯ ಆಧಾರದ ಮೇಲೆ ಕೈದಿಗಳಿಗೆ ಕೆಲಸ ಹಂಚುವುದು ಸಂವಿಧಾನಬಾಹಿರವೆಂದೂ, ವಿಮುಕ್ತ ಜಾತಿಯಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬನನ್ನು ರೂಢಿಗತ ಅಪರಾಧಿಯೆಂದು ಎಣಿಸಕೂಡದೆಂದೂ ತೀರ್ಪಿತ್ತಿತು. 1871ರಿಂದ ಲೆಕ್ಕ ಹಾಕಿದರೆ ಈ ಒಂದು ವಾಕ್ಯವನ್ನು ಹೇಳಿಸಿಕೊಳ್ಳಲು 153 ವರ್ಷ ಹಿಡಿದವು.

ಸೆಟ್ಲಮೆಂಟಿನಲ್ಲಿ ಓದಿದವರ ಮಕ್ಕಳು ಮೊಮ್ಮಕ್ಕಳು ಇಂದು ಶಿಕ್ಷಕರಾಗಿದ್ದಾರೆ, ರೈಲ್ವೆಯಲ್ಲಿದ್ದಾರೆ, ಕಚೇರಿಗಳಲ್ಲಿದ್ದಾರೆ. ಬೇಲಿಯ ಒಳಗಿನ ಕಡ್ಡಾಯ ಶಾಲೆಯ ಅಕ್ಷರ ಕೆಲವರಿಗೆ ಕೈಹಿಡಿಯಿತು, ಇದು ಸತ್ಯ. ಇನ್ನು ಕೆಲವರು ಮನೆಯ ವಿಳಾಸ ಹೇಳುವಾಗ ಸೆಟ್ಲಮೆಂಟೆಂಬ ಶಬ್ದವನ್ನು ನುಂಗಿ ಪಕ್ಕದ ಓಣಿಯ ಹೆಸರನ್ನು ಹೇಳುತ್ತಾರೆ, ಇದೂ ಸತ್ಯ. ಕೊರಚ, ಕೊರಮ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸೇರಿವೆ. ಅದೇ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬುದೂ ಇದೆ. ಆ ಜಾತಿಯ ಹುಡುಗ ಕಾಲೇಜಿನ ಶುಲ್ಕದ ರಿಯಾಯಿತಿಗಾಗಿ ತಹಶೀಲದಾರರ ಕಚೇರಿಯ ಕಿಟಕಿಯಲ್ಲಿ ಕೈಚಾಚಿದಾಗ, ಸರಕಾರ ಮುದ್ರೆಯೊತ್ತಿ ಕೊಡುವ ಪ್ರಮಾಣಪತ್ರದಲ್ಲಿ ಆ ಶಬ್ದವೇ ಅಚ್ಚಾಗಿರುತ್ತದೆ.